ಮೊದಲು ನೀರು, ಆಮೇಲೆ ಧೈರ್ಯ

ನಮ್ಮ ತೋಟದಲ್ಲಿ ಒಂದು ಬಾವಿ ಇತ್ತು. ಕಲ್ಲು ಕಟ್ಟಿದ, ಒಂದು ಬದಿಗೆ ಮೆಟ್ಟಿಲಿದ್ದ ದೊಡ್ಡ ಬಾವಿ. ಬೇಸಿಗೆ ರಜೆ ಬಂತೆಂದರೆ ತಿಪಟೂರು ಕಡೆಯ ನಮ್ಮ ಊರಿನ ಹುಡುಗರೆಲ್ಲ ಅಲ್ಲೇ ಇರುತ್ತಿದ್ದರು. ಚಿಕ್ಕವರ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ದೊಡ್ಡವರು ನೀರಿಗೆ ಬಿಡುತ್ತಿದ್ದರು. ನನ್ನ ಇಬ್ಬರು ಅಣ್ಣಂದಿರೂ ಹಾಗೇ ಈಜು ಕಲಿತರು. ನಾನು ಮೇಲೆ, ತೆಂಗಿನ ಮರದ ಬುಡದಲ್ಲಿ, ಅವರ ಬಟ್ಟೆ ಕಾಯುತ್ತಾ ಕೂತಿರುತ್ತಿದ್ದೆ. "ಹತ್ರ ಹೋಗ್ಬೇಡ ಮಗಾ, ಬಾವಿ ಎಳ್ಕೊಂಡ್‌ಬಿಡುತ್ತೆ" ಎಂದು ಅಜ್ಜಿ ಹೇಳುತ್ತಿದ್ದರು. ಅಣ್ಣಂದಿರಿಗೆ ಆ ಮಾತು ಹೇಳಿದ್ದು ನಾನು ಕೇಳಿಲ್ಲ.

ಆ ಬಾವಿ ಬತ್ತಿ ಇಪ್ಪತ್ತು ವರ್ಷವಾಯಿತು. ಸುತ್ತಮುತ್ತ ಬೋರ್‌ವೆಲ್‌ಗಳು ಬಂದವು, ಬಾವಿಗೆ ನೀರು ಬರುವುದು ನಿಂತಿತು. ಈಗ ಅದರೊಳಗೆ ತೆಂಗಿನ ಗರಿ, ಮುಳ್ಳುಕಂಟಿ ಬಿದ್ದಿವೆ. ನನ್ನ ಭಯ ಮಾತ್ರ ಬತ್ತಿರಲಿಲ್ಲ. ಬೆಂಗಳೂರಿಗೆ ಬಂದೆ, ಕೆಲಸಕ್ಕೆ ಸೇರಿದೆ, ಮದುವೆಯಾಯಿತು, ಮಗಳು ಹುಟ್ಟಿದಳು. ಸಮುದ್ರಕ್ಕೆ ಹೋದರೆ ಚಪ್ಪಲಿ ಒದ್ದೆಯಾಗದ ಕಡೆ ನಿಲ್ಲುತ್ತಿದ್ದೆ. ದೋಣಿ ಕಂಡರೆ "ನೀವು ಹೋಗ್ಬನ್ನಿ, ನಾನು ಬ್ಯಾಗ್ ನೋಡ್ಕೋತೀನಿ" ಎನ್ನುತ್ತಿದ್ದೆ. ಇಷ್ಟು ವರ್ಷ ಕಳೆದರೂ ನಾನು ದಡದಲ್ಲಿ ಕೂತು ಬಟ್ಟೆ ಕಾಯುತ್ತಲೇ ಇದ್ದೆ.

ಹೋದ ವರ್ಷ, ನಲವತ್ತಮೂರನೇ ವಯಸ್ಸಿನಲ್ಲಿ, ಈಜು ಕಲಿಯಲು ಸೇರಿದೆ. ಧೈರ್ಯ ಬಂತು ಅಂತ ಸೇರಿದ್ದಲ್ಲ. ಭಯ ಇದ್ದ ಹಾಗೇ ಸೇರಿದೆ. ಭಯ ಹೇಗೆ ಕೆಲಸ ಮಾಡುತ್ತದೆ ಎಂದು ಅದಕ್ಕೂ ಮೊದಲು ಕೆಲವು ತಿಂಗಳು ಓದಿದ್ದೆ. ಓದಿದ್ದು ನೀರಿನಲ್ಲಿ ನಿಜವಾಗುವುದನ್ನು ಕಂಡೆ. ಅದನ್ನೇ ಇಲ್ಲಿ ಬಿಡಿಸಿ ಹೇಳಬೇಕು ಅನಿಸಿದೆ. ಯಾಕೆಂದರೆ ಭಯ ಹೋದ ಮೇಲೆ ಮಾಡೋಣ ಎಂದು ಕಾಯುತ್ತಿರುವವರು ನಮ್ಮ ಸುತ್ತ ಬಹಳ ಜನ ಇದ್ದಾರೆ. ಲೈಸೆನ್ಸ್ ತೆಗೆದುಕೊಂಡೂ ಗಾಡಿ ಮುಟ್ಟದವರು. ವಿಷಯ ಗೊತ್ತಿದ್ದೂ ಮೀಟಿಂಗ್‌ನಲ್ಲಿ ಬಾಯಿ ಬಿಡದವರು. ಬ್ಯಾಂಕಿನ ಕೌಂಟರ್ ಮುಂದೆ ನಿಂತು ಕೇಳಲು ಆಗದೆ ಮಗನನ್ನು ಕಳಿಸುವವರು. ಇವರು ಸೋಮಾರಿಗಳಲ್ಲ, ಕೈಲಾಗದವರೂ ಅಲ್ಲ.

ಮೊದಲು ದೇಹದ ವಿಷಯ. ಮಿದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಆಕಾರದ ಪುಟ್ಟ ಭಾಗವಿದೆ. ಅದರ ಹೆಸರು ಅಮಿಗ್ಡಲ. ಅಪಾಯದ ಸುಳಿವು ಸಿಕ್ಕ ಕೂಡಲೇ ದೇಹವನ್ನು ಸಜ್ಜುಗೊಳಿಸುವುದರಲ್ಲಿ ಅದರ ಪಾಲು ದೊಡ್ಡದು. ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಚಿಕ್ಕದಾಗುತ್ತದೆ, ಅಂಗೈ ಬೆವರುತ್ತದೆ. ಕತ್ತಲಲ್ಲಿ ಹಾವು ತುಳಿಯುವ ಹೊತ್ತಿಗೆ ಇದೆಲ್ಲ ಬೇಕೇ ಬೇಕು. ಆದರೆ ಹಗ್ಗ ಕಂಡಾಗಲೂ ಇದೇ ನಡೆಯುತ್ತದೆ. ನಿಧಾನವಾಗಿ ನೋಡಿ ತೀರ್ಮಾನಿಸುವುದಕ್ಕಿಂತ ಮೊದಲು ಹಾರಿ ಪಾರಾಗುವುದೇ ಮೇಲು ಎಂಬ ಲೆಕ್ಕದಲ್ಲಿ ನಮ್ಮ ದೇಹ ಬೆಳೆದು ಬಂದಿದೆ. ಹಾಗಾಗಿ ಭಯವಾಯಿತು ಎನ್ನುವುದರಿಂದ ಅಲ್ಲಿ ಅಪಾಯ ಇದೆ ಎಂದಾಗುವುದಿಲ್ಲ. ಅಪಾಯ ಇರಬಹುದು ಎಂದು ದೇಹ ಊಹಿಸಿದೆ, ಅಷ್ಟೇ.

ಊಹೆ ತಪ್ಪಾದರೆ ಕಾಲಕ್ರಮದಲ್ಲಿ ತಾನಾಗೇ ಸರಿಹೋಗಬೇಕಲ್ವಾ? ಹಾಗಾಗುವುದಿಲ್ಲ. ಅದಕ್ಕೆ ಕಾರಣ, ನಾವು ತಪ್ಪಿಸಿಕೊಳ್ಳುವುದು.

ಅಮೆರಿಕದ ಮನಶ್ಶಾಸ್ತ್ರಜ್ಞ ಮೌರರ್ 1947ರಲ್ಲಿ ಇದನ್ನು ಎರಡು ಹಂತಗಳಲ್ಲಿ ವಿವರಿಸಿದರು. ಮೊದಲು ಒಂದು ವಸ್ತುವಿಗೂ ಭಯಕ್ಕೂ ನಂಟು ಬೀಳುತ್ತದೆ. ಆಮೇಲೆ ಅದರಿಂದ ದೂರ ಸರಿದಾಗ ಸಿಗುವ ನಿರಾಳ ಆ ನಂಟನ್ನು ಕಾಪಾಡುತ್ತದೆ. ನನ್ನ ದೋಣಿಯನ್ನೇ ನೋಡಿ. ಹತ್ತುವುದಿಲ್ಲ ಎಂದ ಕೂಡಲೇ ಹಾಯೆನಿಸುತ್ತಿತ್ತು. ಆ ಹಾಯೆನಿಸುವುದೇ ಮಿದುಳಿಗೆ ಸಿಗುವ ಬಹುಮಾನ. ಬಹುಮಾನ ಸಿಕ್ಕ ಕೆಲಸವನ್ನು ಮಿದುಳು ಮತ್ತೆ ಮಾಡುತ್ತದೆ. ಅರ್ಧ ಗಂಟೆಯಲ್ಲಿ ದೋಣಿ ಕ್ಷೇಮವಾಗಿ ವಾಪಸ್ ಬರುತ್ತಿತ್ತು, ಮಗಳು ನಗುತ್ತಾ ಇಳಿಯುತ್ತಿದ್ದಳು. ಅದು ನನ್ನ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಹತ್ತಲಿಲ್ಲ, ಅದಕ್ಕೇ ನನಗೇನೂ ಆಗಲಿಲ್ಲ ಎಂದಷ್ಟೇ ಒಳಗೆ ಬರೆದುಕೊಳ್ಳುತ್ತಿತ್ತು. ಒಂದೊಂದು ಸಲ ತಪ್ಪಿಸಿಕೊಂಡಾಗಲೂ ಭಯಕ್ಕೆ ಒಂದೊಂದು ತುತ್ತು ಉಣ್ಣಿಸುತ್ತಿದ್ದೆ.

ತಪ್ಪಿಸಿಕೊಳ್ಳುತ್ತಾ ಹೋದ ಹಾಗೆ ಇನ್ನೊಂದು ಬದಲಾವಣೆ ಆಗುತ್ತದೆ. "ನನಗೆ ಭಯ" ಎನ್ನುವುದು ನಿಧಾನವಾಗಿ "ನನ್ನ ಕೈಲಿ ಆಗಲ್ಲ" ಎಂದಾಗುತ್ತದೆ. ಮೊದಲನೆಯದು ಆ ಹೊತ್ತಿನ ಮಾತು. ಎರಡನೆಯದನ್ನು ನಮ್ಮ ಗುಣವೇ ಎಂಬಂತೆ ನಂಬಿಬಿಡುತ್ತೇವೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ನೆರವಾದದ್ದು ನಾಯಿಗಳ ಮೇಲೆ ನಡೆದ ಒಂದು ಹಳೆಯ ಪ್ರಯೋಗ. ಓದುವಾಗ ಹೊಟ್ಟೆ ತೊಳಸಿತು. ಅದು ಕ್ರೂರವಾದದ್ದು. ಆದರೆ ಅದರಿಂದ ತಿಳಿದದ್ದನ್ನು ಹೇಳದೆ ಬಿಡುವ ಹಾಗಿಲ್ಲ.

1967ರ ಹೊತ್ತಿಗೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಇದನ್ನು ನಡೆಸಿದರು. ಕೆಲವು ನಾಯಿಗಳಿಗೆ ಏನು ಮಾಡಿದರೂ ನಿಲ್ಲದಂಥ ಕರೆಂಟ್ ಶಾಕ್ ಕೊಟ್ಟರು. ಆಮೇಲೆ ಅವುಗಳನ್ನು ಇನ್ನೊಂದು ಪೆಟ್ಟಿಗೆಯಲ್ಲಿ ಬಿಟ್ಟರು. ಅಲ್ಲಿ ನಡುವೆ ಒಂದು ಗಿಡ್ಡ ಅಡ್ಡಗೋಡೆ. ಅದನ್ನು ದಾಟಿ ಆಚೆಗೆ ಹಾರಿದರೆ ಶಾಕ್ ಇಲ್ಲ. ಬೇರೆ ನಾಯಿಗಳು ಬೇಗ ಹಾರಲು ಕಲಿತವು. ಈ ನಾಯಿಗಳಲ್ಲಿ ಹೆಚ್ಚಿನವು ಹಾರಲೇ ಇಲ್ಲ. ಮುಲುಗುತ್ತಾ ಮಲಗಿಬಿಟ್ಟವು. ಬಾಗಿಲು ತೆರೆದಿದ್ದರೂ ಅವುಗಳ ಪಾಲಿಗೆ ಅದು ಗೋಡೆಯೇ ಆಗಿತ್ತು.

ಮರುವರ್ಷದ ಪ್ರಯೋಗ ಇನ್ನೂ ಮುಖ್ಯ. ಆ ನಾಯಿಗಳನ್ನು ಸರಿಪಡಿಸುವುದು ಹೇಗೆ? ಅಡ್ಡಗೋಡೆ ತೆಗೆದರು. ಆಚೆಯಿಂದ ಕರೆದರು. ಯಾವುದೂ ಫಲ ಕೊಡಲಿಲ್ಲ. ಕೊನೆಗೆ ಕುತ್ತಿಗೆಗೆ ಪಟ್ಟಿ ಹಾಕಿ ಆಚೆಗೆ ಎಳೆದರು. ಮತ್ತೆ ಈಚೆಗೆ ಎಳೆದರು. ಹೀಗೆ ಹತ್ತಾರು ಸಲ. ಶುರುವಿನಲ್ಲಿ ಪೂರ್ತಿ ಬಲ ಹಾಕಿ ಎಳೆಯಬೇಕಿತ್ತು. ಬರುಬರುತ್ತಾ ಸ್ವಲ್ಪ ಜಗ್ಗಿದರೆ ಸಾಕಾಯಿತು. ಆಮೇಲೆ ನಾಯಿಗಳು ತಾವೇ ದಾಟಿದವು. ಕಾಲು ಆಚೆ ಬಿದ್ದು ನೋವು ನಿಂತದ್ದು ದೇಹಕ್ಕೆ ಗೊತ್ತಾದ ಮೇಲಷ್ಟೇ ಅವು ಬದಲಾದವು.

ಸುಮಾರು ಐವತ್ತು ವರ್ಷ ಕಳೆದು, 2016ರಲ್ಲಿ, ಅದೇ ಇಬ್ಬರು ತಮ್ಮ ಹಳೆಯ ವಿವರಣೆಯನ್ನು ತಿರುವಿ ಹಾಕಿದರು. ಮೊದಲು ಅವರು, ಅಸಹಾಯಕರಾಗಿ ಕೂರುವುದನ್ನು ಪ್ರಾಣಿ ಕಲಿಯುತ್ತದೆ ಎಂದಿದ್ದರು. ನಡುವೆ ಇಲಿಗಳ ಮಿದುಳಿನ ಮೇಲೆ ಬಹಳ ಕೆಲಸ ನಡೆದಿತ್ತು. ಅದನ್ನೆಲ್ಲ ನೋಡಿ, ನಾವು ಹೇಳಿದ್ದು ಉಲ್ಟಾ ಎಂದು ಒಪ್ಪಿಕೊಂಡರು. ಕೆಟ್ಟದ್ದು ತುಂಬಾ ಹೊತ್ತು ಮುಂದುವರಿದರೆ ಮುದುಡಿ ಕೂರುವುದು ದೇಹದ ಹುಟ್ಟು ಸ್ವಭಾವ. ಅದನ್ನು ಕಲಿಯಬೇಕಾಗಿಯೇ ಇಲ್ಲ. ಕಲಿಯಬೇಕಾದದ್ದು "ನಾನು ಏನೋ ಮಾಡಿದರೆ ಏನೋ ಆಗುತ್ತದೆ" ಎಂಬುದನ್ನು. ಅದನ್ನು ಗುರುತಿಸುವುದು ಹಣೆಯ ಹಿಂದಿರುವ ಮಿದುಳಿನ ಮುಂಭಾಗ. ಅದು ಒಮ್ಮೆ ಗುರುತಿಸಿತೆಂದರೆ ಮುದುಡುವಿಕೆಯನ್ನು ತಡೆಯುತ್ತದೆ.

ಇದು ನನಗೆ ತುಂಬಾ ಸಮಾಧಾನ ಕೊಟ್ಟ ಸಂಗತಿ. ನಾವೇ ಹಾಕಿಕೊಂಡ ಮಿತಿ ಎನ್ನುತ್ತೇವೆ. ಎಷ್ಟೋ ಸಲ ಅದನ್ನು ಮೊದಲು ಹಾಕಿದ್ದು ಬೇರೆಯವರು. ಬುರುಡೆ ಅಣ್ಣಂದಿರಿಗೆ ಸಿಕ್ಕಿತು, ನನಗೆ ಸಿಗಲಿಲ್ಲ. ಹಾಗಾಗಿ ಈಜು ಬರದೆ ಇದ್ದದ್ದು ನನ್ನ ತಪ್ಪಲ್ಲ. ಅಜ್ಜಿಯದೂ ಅಲ್ಲ. ಅವರು ಕಂಡಿದ್ದ ಸಾವುಗಳು ಅವರ ಬಾಯಲ್ಲಿ ಹಾಗೆ ಮಾತಾಡಿಸಿದವು. ಆದರೆ ಅವರು ಹೋದ ಮೇಲೂ ಅವರ ಮಾತನ್ನು ನಾನೇ ನನಗೆ ಹೇಳಿಕೊಳ್ಳುತ್ತಾ ಬಂದೆ. ಆ ಭಾಗ ನನ್ನದು, ಬದಲಾಯಿಸಲು ಆಗುವುದೂ ಅದೇ.

ಬದಲಾಯಿಸುವ ದಾರಿಗೆ ನೂರು ವರ್ಷದ ಇತಿಹಾಸವಿದೆ. 1924ರಲ್ಲಿ ನ್ಯೂಯಾರ್ಕ್‌ನಲ್ಲಿ ಮೇರಿ ಕವರ್ ಜೋನ್ಸ್ ಎಂಬ ಯುವ ಸಂಶೋಧಕಿ ಮೂರು ವರ್ಷವೂ ತುಂಬದ ಒಬ್ಬ ಹುಡುಗನ ಬಗ್ಗೆ ಬರೆದರು. ಪೀಟರ್ ಎಂದು ಅವನನ್ನು ಕರೆದರು. ಅವನಿಗೆ ಮೊಲ ಕಂಡರೆ ಭಯ. ತುಪ್ಪಳ, ಹತ್ತಿ, ಗರಿ ಕಂಡರೂ ಭಯ. ಜೋನ್ಸ್ ಅವನಿಗೆ ಬುದ್ಧಿ ಹೇಳಲಿಲ್ಲ. ಅವನನ್ನು ಊಟದ ಕುರ್ಚಿಯಲ್ಲಿ ಕೂರಿಸಿ ಇಷ್ಟದ ತಿಂಡಿ ಕೊಟ್ಟರು. ಅವನು ತಿನ್ನುವುದನ್ನು ನಿಲ್ಲಿಸದಷ್ಟು ದೂರದಲ್ಲಿ ಮೊಲದ ಪಂಜರ ಇಟ್ಟರು. ಬೇರೆ ದಿನಗಳಲ್ಲಿ, ಮೊಲಕ್ಕೆ ಹೆದರದ ಮಕ್ಕಳನ್ನು ಅವನ ಜೊತೆ ಆಡಲು ಬಿಟ್ಟರು. ಮೊದಲು ಪಂಜರ 12 ಅಡಿ ದೂರ. ಆಮೇಲೆ 4 ಅಡಿ, ಆಮೇಲೆ ಇನ್ನೂ ಹತ್ತಿರ. ಮೊಲ ಪಂಜರದಿಂದ ಹೊರಗೆ ಬಂತು. ಕೊನೆಗೆ ಅದು ತನ್ನ ಬೆರಳನ್ನು ಮೆಲ್ಲಗೆ ಕಚ್ಚಿದರೂ ಪೀಟರ್ ಸುಮ್ಮನಿದ್ದ.

ನಡುವೆ ಒಂದು ಘಟನೆ ನಡೆಯಿತು. ಪೀಟರ್‌ಗೆ ಜ್ವರ ಬಂದು ಸುಮಾರು ಎರಡು ತಿಂಗಳು ಬರಲಿಲ್ಲ. ಆಸ್ಪತ್ರೆಯಿಂದ ಹೊರಡುವಾಗ ಒಂದು ದೊಡ್ಡ ನಾಯಿ ಅವನ ಮತ್ತು ಜೊತೆಗಿದ್ದ ನರ್ಸ್ ಮೇಲೆ ಎಗರಿತು. ಮತ್ತೆ ಬಂದಾಗ ಅವನ ಭಯ ಹಳೆಯ ಮಟ್ಟಕ್ಕೆ ಮರಳಿತ್ತು. ಜೋನ್ಸ್ ಮತ್ತೆ ಶುರು ಮಾಡಬೇಕಾಯಿತು. ಈ ಭಾಗವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಈಜುಕೊಳಕ್ಕೆ ಬರುತ್ತೇನೆ. ನಮ್ಮ ಕೋಚ್ ಇಪ್ಪತ್ತೈದು ದಾಟದ ಹುಡುಗಿ. ನನ್ನನ್ನು ಅಕ್ಕಾ ಎನ್ನುತ್ತಾಳೆ. ಮೊದಲ ದಿನ ಅವಳ ಸಲಹೆಯಂತೆ ಒಂದು ಚೀಟಿಯಲ್ಲಿ ಮೆಟ್ಟಿಲುಗಳನ್ನು ಬರೆದೆ. ಅಂಚಿನಲ್ಲಿ ಕೂತು ಕಾಲು ಇಳಿಬಿಡುವುದು ಮೊದಲನೆಯದು. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಲ್ಲುವುದು. ಕಂಬಿ ಬಿಡುವುದು. ಮುಖ ಮುಳುಗಿಸಿ ಐದು ಎಣಿಸುವುದು. ಹೀಗೆ ಹೋಗಿ, ಕಟ್ಟಕಡೆಗೆ ಎಂಟು ಅಡಿ ಆಳದ ಕಡೆ ಒಬ್ಬಳೇ ತೇಲುವುದು.

ಪ್ರತಿ ಮೆಟ್ಟಿಲಿನ ಎದುರು ಇನ್ನೊಂದನ್ನೂ ಬರೆಯುತ್ತಿದ್ದೆ. ಇದನ್ನು ಮಾಡಿದರೆ ಏನಾಗುತ್ತದೆ ಎಂದು ನನಗೆ ಭಯ? "ಮುಖ ಮುಳುಗಿಸಿದರೆ ಮೂಗಿಗೆ ನೀರು ಹೋಗುತ್ತದೆ, ಉಸಿರು ಕಟ್ಟುತ್ತದೆ, ಮೇಲೆ ಬರಲು ಆಗುವುದಿಲ್ಲ" ಎಂದು ಬರೆದಿದ್ದೆ. ಮಾಡಿದ ಮೇಲೆ ಪಕ್ಕದಲ್ಲಿ ಬರೆದೆ: "ಮೂಗಿಗೆ ನೀರು ಹೋಯಿತು. ಉರಿಯಿತು. ಮೇಲೆ ಬಂದೆ."

ಆ ಮೂರು ಪುಟ್ಟ ವಾಕ್ಯಗಳಲ್ಲಿ ಇಡೀ ವಿಧಾನ ಇದೆ. ಭಯ ಕಮ್ಮಿಯಾಗುವವರೆಗೆ ಕಾಯುವುದೇ ಮುಖ್ಯ ಎಂದು ಹಿಂದೆ ಅಂದುಕೊಂಡಿದ್ದರು. ಈಗ ಈ ವಿಷಯದಲ್ಲಿ ಕೆಲಸ ಮಾಡುವ ಹಲವರು, ಅದರಲ್ಲೂ ಕ್ಯಾಲಿಫೋರ್ನಿಯಾದ ಮಿಶೆಲ್ ಕ್ರಾಸ್ಕ್, ಬೇರೊಂದನ್ನು ಒತ್ತಿ ಹೇಳುತ್ತಾರೆ. ನೀವು ಏನಾಗುತ್ತದೆ ಎಂದುಕೊಂಡಿದ್ದಿರಿ, ಏನಾಯಿತು, ಇವೆರಡರ ನಡುವಿನ ವ್ಯತ್ಯಾಸವೇ ಮಿದುಳಿಗೆ ಪಾಠ. ವ್ಯತ್ಯಾಸ ಜಾಸ್ತಿ ಇದ್ದಷ್ಟೂ ಪಾಠ ಗಟ್ಟಿ. ಎದೆ ಹೊಡೆದುಕೊಳ್ಳುತ್ತಲೇ ಇದ್ದರೂ ಪರವಾಗಿಲ್ಲ. ಅಂದುಕೊಂಡದ್ದು ಆಗಲಿಲ್ಲ ಎನ್ನುವುದನ್ನು ಕಣ್ಣಾರೆ ನೋಡುವಷ್ಟು ಹೊತ್ತು ಅಲ್ಲಿ ಇರಬೇಕು. ಭಯ ಏರಿದ ಕ್ಷಣವೇ ಎದ್ದು ಬಂದರೆ ಮತ್ತೆ ಅದೇ ದೋಣಿಯ ಕಥೆ.

ನೀರಿನಲ್ಲಿ ನಾನು ಕಂಡ ಇನ್ನೊಂದು ಸತ್ಯ ನನ್ನನ್ನು ಬೆರಗುಗೊಳಿಸಿತು. ಎದೆ ತುಂಬಾ ಉಸಿರು ತುಂಬಿಕೊಂಡರೆ ಹೆಚ್ಚಿನವರ ದೇಹ ನೀರಿನಲ್ಲಿ ತೇಲುತ್ತದೆ. ಉಸಿರು ಪೂರ್ತಿ ಬಿಟ್ಟರೆ ಮುಳುಗುವವರೇ ಜಾಸ್ತಿ. ಹೆದರಿದಾಗ ನಾವು ಏನು ಮಾಡುತ್ತೇವೆ? ಉಸಿರು ಗಿಡ್ಡ ಮಾಡುತ್ತೇವೆ. ತಲೆ ಮೇಲೆತ್ತುತ್ತೇವೆ. ತಲೆ ಮೇಲೆದ್ದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಕೈಕಾಲು ಬಡಿಯುತ್ತೇವೆ, ಮುಳುಗುತ್ತೇವೆ. "ನೋಡು, ನಾನು ಹೇಳ್ಲಿಲ್ವಾ" ಎನ್ನುತ್ತದೆ ಭಯ. ತಾನೇ ಮುಳುಗಿಸಿ ತಾನೇ ಸಾಕ್ಷಿ ಹೇಳುತ್ತದೆ. ವೇದಿಕೆಯಲ್ಲೂ ಇದೇ. ತೊದಲುತ್ತೇನೆ ಎಂಬ ಭಯಕ್ಕೆ ಗಂಟಲು ಒಣಗುತ್ತದೆ, ಒಣಗಿದ ಗಂಟಲು ತೊದಲಿಸುತ್ತದೆ. ಎರಡು ವಾರ ನಾನು ಈ ಸುಳಿಯಲ್ಲಿ ಸಿಕ್ಕಿದ್ದೆ. "ಅಕ್ಕಾ, ಆಕಾಶ ನೋಡಿ, ಕಿವಿ ನೀರೊಳಗೆ ಬಿಡಿ" ಎಂದು ಆ ಹುಡುಗಿ ನೂರು ಸಲ ಹೇಳಿರಬೇಕು. ಕಿವಿ ಮುಳುಗಿ ಜಗತ್ತಿನ ಸದ್ದೆಲ್ಲ ನಿಂತ ದಿನ, ಕಾಲು ತಾನಾಗಿ ಮೇಲೆ ಬಂತು.

ಅವಳ ಅಂಗೈ ಆಗ ನನ್ನ ಬೆನ್ನ ಕೆಳಗೆ ಇತ್ತು. ಇಲ್ಲಿಗೆ ಸೋರೆ ಬುರುಡೆಯ ಮಾತು ಬರುತ್ತದೆ.

ಆಸರೆ ಬೇಡ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಜೊತೆಯವರು 1969ರಲ್ಲಿ ಹಾವಿನ ಭಯ ಇದ್ದವರ ಜೊತೆ ಕೆಲಸ ಮಾಡಿದರು. ಕೆಲವರಿಗೆ ಹಾವು ಹಿಡಿಯುವವರ ಸಿನಿಮಾ ತೋರಿಸಿದರು. ಕೆಲವರಿಗೆ ನೆಮ್ಮದಿಯಾಗಿ ಕೂತು ಹಾವನ್ನು ಕಲ್ಪಿಸಿಕೊಳ್ಳಲು ಹೇಳಿದರು. ಇನ್ನು ಕೆಲವರಿಗೆ ಜೊತೆಯಲ್ಲಿ ನಿಂತು, ತಾವು ಮುಟ್ಟಿ ತೋರಿಸಿ, ಅವರ ಕೈ ಹಿಡಿದು ಮುಟ್ಟಿಸಿದರು. ಎಲ್ಲಕ್ಕಿಂತ ಚೆನ್ನಾಗಿ ಫಲ ಕೊಟ್ಟದ್ದು ಈ ಕೊನೆಯದು. 1977ರಲ್ಲಿ ಬಂಡೂರ ಇದನ್ನು ಒಂದು ಸಿದ್ಧಾಂತವಾಗಿ ಬೆಳೆಸಿದರು. ನನ್ನ ಕೈಲಿ ಆಗುತ್ತದೆ ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ. ನಾವೇ ಮಾಡಿ ಗೆದ್ದದ್ದು, ನಮ್ಮಂಥವರು ಮಾಡಿದ್ದನ್ನು ನೋಡಿದ್ದು, ಬೇರೆಯವರು ಹುರಿದುಂಬಿಸಿದ್ದು, ಮತ್ತೆ ನಮ್ಮ ಮೈಯಲ್ಲಿ ಆಗುವುದನ್ನು ನಾವು ಅರ್ಥ ಮಾಡಿಕೊಳ್ಳುವ ರೀತಿ. ಇವುಗಳಲ್ಲಿ ಮೊದಲನೆಯದರ ಬಲ ಎಲ್ಲಕ್ಕಿಂತ ಹೆಚ್ಚು. ಹುರಿದುಂಬಿಸುವ ಭಾಷಣ ಕೇಳಿದ ಉತ್ಸಾಹ ಎರಡು ದಿನಕ್ಕೆ ಇಳಿದುಹೋಗುವುದು ಯಾಕೆ ಎಂದು ಇದರಿಂದ ತಿಳಿಯುತ್ತದೆ.

ಆದರೆ ಬುರುಡೆ ಬಿಚ್ಚುವ ದಿನವೂ ಬರಬೇಕು. ನಮ್ಮ ಬಾವಿಯಲ್ಲಿ ಎರಡು ಬುರುಡೆ ಕಟ್ಟಿಕೊಂಡಿದ್ದ ಹುಡುಗನಿಗೆ ಮೊದಲು ಒಂದನ್ನು ಬಿಚ್ಚುತ್ತಿದ್ದರು, ಕೆಲವು ದಿನ ಬಿಟ್ಟು ಇನ್ನೊಂದನ್ನು. ಆ ಕ್ರಮ ಎಷ್ಟು ಸರಿಯಾಗಿತ್ತು ಎಂದು ಈಗ ಅನಿಸುತ್ತದೆ. ಬುರುಡೆ ಇದ್ದೇ ಇದ್ದರೆ, ತೇಲಿದ್ದು ನಾನಲ್ಲ ಬುರುಡೆ ಎಂದು ಮನಸ್ಸು ಹೇಳುತ್ತಲೇ ಇರುತ್ತದೆ. ಗಂಡ ಹಿಂದೆ ಕೂತರೆ ಮಾತ್ರ ಸ್ಕೂಟರ್ ಓಡಿಸುವುದು, ಬರೆದುಕೊಂಡದ್ದನ್ನು ನೋಡದೆ ಒಂದು ಮಾತೂ ಆಡದಿರುವುದು, ಇವೆಲ್ಲ ಬಿಚ್ಚದೆ ಉಳಿದ ಬುರುಡೆಗಳು. ನನಗೆ ಅವಳ ಅಂಗೈ ಬುರುಡೆಯಾಗಿತ್ತು. ಅಂಗೈ ಎರಡು ಬೆರಳಾಯಿತು. ಒಂದು ದಿನ ಬೆರಳೂ ಇರಲಿಲ್ಲ. ಆದರೆ ಅವಳು ಹೇಳದೆ ತೆಗೆಯಲಿಲ್ಲ. "ಈಗ ತೆಗೀತೀನಿ ಅಕ್ಕಾ" ಎಂದು ಹೇಳಿಯೇ ತೆಗೆದಳು. ಮೋಸ ಮಾಡಿ ನೀರಿಗೆ ತಳ್ಳಿ ಕಲಿಸುವ ಪದ್ಧತಿ ನಮ್ಮಲ್ಲಿ ಇದೆ. ಕೆಲವರು ಹಾಗೂ ಕಲಿತಿದ್ದಾರೆ. ಆದರೆ ತಳ್ಳಿಸಿಕೊಂಡವರಿಗೆ "ನಾನು ಮಾಡಿದೆ" ಎನ್ನುವುದು ಸಿಗುವುದಿಲ್ಲ, "ನನಗೆ ಮಾಡಿದರು" ಎನ್ನುವುದು ಸಿಗುತ್ತದೆ. ಜೀವನಪೂರ್ತಿ ನೀರಿನಿಂದ ದೂರ ಉಳಿದವರಲ್ಲಿ ಹಾಗೆ ತಳ್ಳಿಸಿಕೊಂಡವರೂ ಇದ್ದಾರೆ. ದಯವಿಟ್ಟು ಮಕ್ಕಳಿಗೆ ಹಾಗೆ ಮಾಡಬೇಡಿ.

ಇನ್ನು ಪೀಟರ್‌ನ ನಾಯಿ. ಮೂರು ತಿಂಗಳು ಈಜಿದ ಮೇಲೆ ಮಳೆಗಾಲದಲ್ಲಿ ಒಂದೂವರೆ ತಿಂಗಳು ಬಿಟ್ಟಿದ್ದೆ. ಮತ್ತೆ ಹೋದಾಗ ಕಂಬಿಯಿಂದ ಕೈ ಬಿಡಲು ಆಗಲಿಲ್ಲ. ಎಲ್ಲ ನೀರುಪಾಲಾಯಿತು ಎಂದು ಕಣ್ಣಲ್ಲಿ ನೀರು ಬಂತು. ಆದರೆ ಓದಿದ್ದು ನೆನಪಾಯಿತು. ಭಯದ ಹಳೆಯ ನೆನಪು ಅಳಿಯುವುದಿಲ್ಲ. ಅದರ ಪಕ್ಕದಲ್ಲಿ "ಇಲ್ಲಿ ಏನೂ ಆಗಲ್ಲ" ಎಂಬ ಹೊಸ ನೆನಪು ಬೆಳೆಯುತ್ತದೆ. ಎರಡೂ ಇರುತ್ತವೆ. ಅಂತರ ಬಿದ್ದರೆ, ಜಾಗ ಬದಲಾದರೆ, ಮೈಮನಸ್ಸು ದಣಿದಿದ್ದರೆ, ಹಳೆಯದು ಮೇಲೆ ಬರುತ್ತದೆ. ನಾಯಿಗಳ ಮೇಲೆ ಕೆಲಸ ಮಾಡಿದ ರಷ್ಯಾದ ಪಾವ್ಲೋವ್ ಕೂಡ ಇದನ್ನು ಗಮನಿಸಿದ್ದರು. ಅದಕ್ಕೇ ಒಂದೇ ಕಡೆ, ಒಬ್ಬರ ಜೊತೆಗೇ ಅಭ್ಯಾಸ ಮಾಡಿದರೆ ಸಾಲದು. ಬೇರೆ ಕೊಳ, ಬೇರೆ ಹೊತ್ತು, ಬೇರೆ ಜನ ಬೇಕು. ನನಗೆ ಎರಡನೇ ಸಲ ಕಂಬಿ ಬಿಡಲು ನಾಲ್ಕೇ ದಿನ ಸಾಕಾಯಿತು. ಮೊದಲ ಸಲ ಹದಿನಾರು ದಿನ ಹಿಡಿದಿತ್ತು.

ಒಂದು ಭಯ ಮಾತ್ರ ಈ ಲೆಕ್ಕಕ್ಕೆ ಪೂರ್ತಿ ಸೇರುವುದಿಲ್ಲ. ರಕ್ತ, ಸೂಜಿ ಕಂಡರೆ ತಲೆ ತಿರುಗಿ ಬೀಳುವವರಿದ್ದಾರೆ. ಬೇರೆ ಭಯಗಳಲ್ಲಿ ರಕ್ತದೊತ್ತಡ ಏರಿದರೆ, ಇವರಿಗೆ ಏರಿ ಥಟ್ಟನೆ ಇಳಿಯುತ್ತದೆ. ಅವರಿಗೆ "ಮೈ ಸಡಿಲ ಬಿಡಿ" ಎಂದರೆ ಇನ್ನೂ ತೊಂದರೆ. ಇಂಥವರಿಗಾಗಿ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಯೊರಾನ್ ಓಸ್ಟ್ ಬೇರೆ ದಾರಿ ತೋರಿಸಿದರು. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡ್ ಬಿಗಿಹಿಡಿದು ಬಿಡುವುದು, ಮತ್ತೆ ಹಿಡಿಯುವುದು. ರಕ್ತದೊತ್ತಡ ಇಳಿಯದಂತೆ ಅದು ತಡೆಯುತ್ತದೆ.

ಹಾಗೆಯೇ, ಎಲ್ಲ ಭಯವೂ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಈಜು ಬರದವರು ಕೆರೆಗೆ, ಕ್ವಾರಿಗೆ ಹಾರುವುದು ಭಯ ಗೆಲ್ಲುವ ದಾರಿ ಖಂಡಿತ ಅಲ್ಲ. ಅಪಾಯ ನಿಜವಿದ್ದ ಕಡೆ ಭಯದ ಮಾತು ಕೇಳಬೇಕು. ಭಯ ತೀರಾ ಹೆಚ್ಚಾಗಿ ಮನೆಯಿಂದ ಹೊರಗೆ ಹೋಗಲೂ ಆಗದೆ ಇದ್ದರೆ, ಅಥವಾ ಅದರ ಹಿಂದೆ ದೌರ್ಜನ್ಯ, ಅಪಘಾತದಂಥ ನೋವಿದ್ದರೆ, ಒಬ್ಬರೇ ಚೀಟಿ ಹಿಡಿದು ಹೊರಡಬೇಡಿ. ಮನೋವೈದ್ಯರು, ಆಪ್ತಸಮಾಲೋಚಕರು ಇದೇ ಕೆಲಸವನ್ನು ಜೊತೆಗಿದ್ದು ಮಾಡಿಸುತ್ತಾರೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹೋದ ತಿಂಗಳು ಎಂಟು ಅಡಿಯ ಕಡೆ ಒಬ್ಬಳೇ ತೇಲಿದೆ. ಚೀಟಿಯ ಕೊನೆಯ ಸಾಲಿನ ಎದುರು "ಕಾಲಿಗೆ ನೆಲ ಸಿಗಲಿಲ್ಲ. ಬೇಕಾಗಲೂ ಇಲ್ಲ" ಎಂದು ಬರೆದೆ.

ಮೊನ್ನೆ ನಮ್ಮ ಬ್ಯಾಚಿಗೆ ಹೊಸಬರೊಬ್ಬರು ಬಂದರು. ಅರವತ್ತರ ಹತ್ತಿರದ ವಯಸ್ಸು. ಅಂಚಿನಲ್ಲಿ ನಿಂತು ಎರಡೂ ಕೈಯಲ್ಲಿ ಕಂಬಿ ಬಿಗಿಹಿಡಿದಿದ್ದರು. ಆ ಬೆರಳುಗಳನ್ನು ನೋಡಿದರೆ ಸಾಕು, ನನಗೆ ಎಲ್ಲ ಗೊತ್ತಾಯಿತು. "ನಿಂಗೆ ಭಯ ಎಲ್ಲಾ ಹೋಯ್ತೇನಮ್ಮಾ?" ಎಂದು ಕೇಳಿದರು.

"ಇಲ್ಲಮ್ಮ. ಇವತ್ತೂ ಇಳಿಯುವಾಗ ಎದೆ ಹೊಡ್ಕೊಳ್ತು. ಸ್ವಲ್ಪ ಹೊತ್ತು ಇರುತ್ತೆ" ಎಂದೆ.

"ಮತ್ತೆ ಹೆಂಗ್ ಇಳಿದೆ?"

"ಎದೆ ಹೊಡ್ಕೊಳ್ತಾ ಇರೋವಾಗ್ಲೇ. ಬನ್ನಿ, ಇಲ್ಲಿ ಕೂತ್ಕೊಂಡು ಮೊದ್ಲು ಕಾಲು ಇಳಿಬಿಡೋಣ."

ಅವರು ಒಂದು ಕೈ ಕಂಬಿಯಲ್ಲೇ ಇಟ್ಟುಕೊಂಡು ಕೂತರು. ನೀರು ತಣ್ಣಗಿತ್ತು.